ಕ್ರೇನಿನವನ ಗೋಣು

ನಾನು ಕೂರುವ ಗೂಡಿನ ನೆಲ ಗಾಜಿನದು.
ನಲವತ್ತು ಮೀಟರು ಮೇಲಿಂದ, ತೊಡೆಗಳ ನಡುವೆ ಬಗ್ಗಿ ನೋಡಿದರೆ
ಹಡಗು, ಹಡಗಿನ ಹೊಟ್ಟೆ,
ಹೊಟ್ಟೆಯೊಳಗೆ ಬೆಂಕಿಪೊಟ್ಟಣ ಪೇರಿಸಿದ ಹಾಗೆ ಕಂಟೇನರುಗಳು.
ಹತ್ತೊಂಬತ್ತು ವರ್ಷ ಹೀಗೆ, ಗಂಟೆಗೆ ಇಪ್ಪತ್ತೈದು.
ಲ ಆವ್ರ್ ಬಂದರಿನಲ್ಲಿ ಎಲ್ಲರಿಗಿಂತ ಮೇಲೆ ಕೂತವನು ನಾನು,
ಎಲ್ಲರಿಗಿಂತ ಹೆಚ್ಚು ತಲೆ ತಗ್ಗಿಸಿದವನೂ ನಾನೇ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ
ಎಡಕ್ಕೆ ಬರಲೊಲ್ಲೆ ಎಂದಿತು ಗೋಣು.
ಕಾರು ಹಿಂದೆ ತೆಗೆಯಲು ಇಡೀ ಮೈಯನ್ನೇ ತಿರುಗಿಸಿದೆ,
ಬೀರು ಸರಿಸಿದ ಹಾಗೆ.
ಎಡಗಡೆ ಕೂತ ಮಾರ್ಲೆನ್
"ಕೋಪವೇ?" ಎಂದು ಕೇಳತೊಡಗಿದಳು.
ಕೋಪವಿರಲಿಲ್ಲ. ಅಥವಾ ಇತ್ತೇನೋ,
ಕತ್ತಿಗೆ ಗೊತ್ತಿದ್ದೀತು.

ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಡಾಕ್ಟರು "ವಯಸ್ಸು" ಅಂದರು.
ಮಾತ್ರೆ ಹೊಟ್ಟೆ ಸುಟ್ಟಿತು, ಕತ್ತಿನ ತಂಟೆಗೆ ಹೋಗಲಿಲ್ಲ.
"ನನ್ನ ಸೊಂಟ ಎತ್ತಿ ನಿಲ್ಲಿಸಿದವಳೊಬ್ಬಳಿದ್ದಾಳೆ, ಓಸ್ಟಿಯೋಪಾತ್,"
ಅಂದ ಸುಮಾರೆ, ಡೆಕ್ಕಿನ ಮೇಲೆ ಸರಳು ಬಿಗಿಯುವವನು.
ಅವನ ಮುಖಕ್ಕಿಂತ ಹಳದಿ ಹೆಲ್ಮೆಟ್ಟಿನ ನೆತ್ತಿಯೇ
ನನಗೆ ಚೆನ್ನಾಗಿ ಗೊತ್ತು.

ಮದಾಂ ಓಷ್ಕೋರ್ನ್, ಬೇಕರಿಯ ಮೇಲಿನ ಮಹಡಿ.
ಮೆಟ್ಟಿಲಿಗೆಲ್ಲ ಬೆಣ್ಣೆಯ ವಾಸನೆ.
ಶನಿವಾರ ಅಜ್ಜಿ ಕೋಳಿ ಹಿಡಿಯುತ್ತಿದ್ದ ರೀತಿ ನೆನಪಾಗಿ
ಹಲ್ಲು ಕಚ್ಚಿ ಮಲಗಿದೆ, ಲಟಕ್ ಎಂಬ ಸದ್ದಿಗೆ ಕಾಯುತ್ತ.

ಅವಳು ಏನನ್ನೂ ಮುರಿಯಲಿಲ್ಲ.
ಮೊದಲು ಪಾದ ಹಿಡಿದಳು.
"ನೋವು ಇರೋದು ಮೇಲೆ," ಅಂದೆ.
"ಸೋರೋದು ಒಂದು ಕಡೆ, ಹೆಂಚು ಒಡೆದಿರೋದು ಇನ್ನೊಂದು ಕಡೆ," ಅಂದಳು.
ಪಕ್ಕೆಲುಬುಗಳನ್ನು ಒಂದೊಂದಾಗಿ ವಿಚಾರಿಸಿಕೊಂಡು,
ಹೆಗಲ ಹಲಗೆಯ ಅಡಿಗೆ ಬೆರಳು ತೂರಿಸಿ,
ಕಡೆಗೆ ತಲೆಬುರುಡೆಯ ಬುಡಕ್ಕೆ ಎರಡೂ ಅಂಗೈ ಒಡ್ಡಿ
ಸುಮ್ಮನೆ ಕೂತಳು.

ಸುಮ್ಮನೆ ಅಂದರೆ ಸುಮ್ಮನೆ.
ಕೆಳಗೆ ಬ್ರೆಡ್ಡು ಕೊಯ್ಯುವ ಯಂತ್ರ ಓಡಿತು, ನಿಂತಿತು.
"ತಲೆ ಬಿಡಿ."
ಬಿಟ್ಟಿದ್ದೇನಲ್ಲ.
"ಇಲ್ಲ. ಇನ್ನೂ ನೀವೇ ಹೊತ್ತಿದ್ದೀರಿ."

ಭಾರ ಇಳಿಸುವುದು ನನ್ನ ಕಸುಬು.
ಮೂವತ್ತು ಟನ್ನನ್ನು, ಕಡಲ ಗಾಳಿಯಲ್ಲಿ, ಅಂಗೈಯಗಲದ ಗುರುತಿಗೆ
ಮೊಟ್ಟೆ ಇಟ್ಟಂತೆ ಇಡಬಲ್ಲೆ.
ಐದು ಕಿಲೋದ ತಲೆ, ಒಂದು ಕುಂಬಳಕಾಯಿ,
ಇನ್ನೊಬ್ಬರ ಕೈಗೆ ಇಳಿಸಲು ಬರಲಿಲ್ಲ.
ಎಷ್ಟು ಹೊತ್ತಾಯಿತೋ.
ಹಗ್ಗ ಸಡಿಲವಾದದ್ದು ನನಗಿಂತ ಮೊದಲು ಅವಳಿಗೆ ತಿಳಿಯಿತು.
"ಹ್ಞಾಂ," ಅಂದಳು,
ಕಂಟೇನರು ನೆಲ ಮುಟ್ಟಿದಾಗ
ಸುಮಾರೆ ಕೆಳಗಿಂದ ಕೈಬೀಸುವ ಹಾಗೆ.

ಎದ್ದು ಕೂತೆ. ಎಡಕ್ಕೊಂದು ಕಿಟಕಿ ಇತ್ತು.
ಬಂದಾಗ ಇದ್ದದ್ದೇ ಗೊತ್ತಿರಲಿಲ್ಲ.

"ಪೂರ್ತಿ ಹೋಗುತ್ತದೆಯೇ?"
"ಸವೆದದ್ದು ಸವೆಯಿತು, ಸುಳ್ಳು ಹೇಳಲಾರೆ.
ಇನ್ನೆರಡು ಸಲ ಬನ್ನಿ. ಕ್ರೇನಿಗೆ ನನ್ನಲ್ಲಿ ಮದ್ದಿಲ್ಲ.
ಗಂಟೆಗೊಮ್ಮೆ ತಲೆ ಎತ್ತಿ ನೋಡಿ.
ಮೇಲೆ ಏನಿದೆ ಅಲ್ಲಿ?"
ಹತ್ತೊಂಬತ್ತು ವರ್ಷ ಕೂತವನಿಗೆ ಉತ್ತರ ಹೊಳೆಯಲಿಲ್ಲ.

ಅರವತ್ತು ಯೂರೋ.
ರಸೀದಿ ಬರೆಯಲು ಮೇಜಿಗೆ ಬಗ್ಗಿದಾಗ
ಅವಳ ಕತ್ತು ಲಟಕ್ಕೆಂದಿತು,
ಅಷ್ಟು ಹೊತ್ತು ನಾನು ಕಾದಿದ್ದ ಸದ್ದು.
ಇಬ್ಬರೂ ಕೇಳಿಸದವರ ಹಾಗೆ ಇದ್ದೆವು.
ಆಮೇಲೆ ನಕ್ಕಳು: "ದಿನಕ್ಕೆ ಹನ್ನೊಂದು ತಲೆ. ಎಲ್ಲ ಬಗ್ಗಿಯೇ."

ಸೋಮವಾರ ಹತ್ತು ಗಂಟೆಗೆ
ಹಿಡಿ ಬಿಟ್ಟು, ನಿಧಾನಕ್ಕೆ, ತಲೆ ಎತ್ತಿದೆ.
ಆಕಾಶವಲ್ಲ. ಗೂಡಿನ ಸೂರು:
ಬಿಳಿ ತಗಡು, ನಾಲ್ಕು ಬೋಲ್ಟು, ಒಂದರ ಸುತ್ತ ತುಕ್ಕು.
ತುಕ್ಕಿನ ಪಕ್ಕದಲ್ಲಿ ಸಣ್ಣಗೆ, ಪೆನ್ಸಿಲಿನಲ್ಲಿ,
ನನಗಿಂತ ಹಿಂದೆ ಇಲ್ಲಿ ಕೂತಿದ್ದ ಯಾರೋ ಬರೆದಿದ್ದ:
"ನಿನಗೂನಾ?"

ರೇಡಿಯೋ ಗರಗರ ಅಂದಿತು. ಸುಮಾರೆ:
"ಯಾಕೆ ನಿಲ್ಲಿಸಿದೆ? ಏನು ಕಾಣ್ತಿದೆ ಅಲ್ಲಿ?"